ಅಸ್ಥಿಸಂಧಾನದ ಸಂಮಿಶ್ರ ದ್ರವ್ಯಗಳು: ಒಂದು ಚಾರಿತ್ರಿಕ ವಿವೇಚನೆ

ಮೂಳೆಯ ತುಣುಕೊಂದನ್ನು ಕೆಲವು ದಿನ ಆಮ್ಲದಲ್ಲಿ ನೆನೆಯಿಟ್ಟರೆ ಅದರ ಆಕಾರವು ಕೆಡದೆ ಉಳಿಯುವುದು. ಆದರೆ ಅದನ್ನು ಹಸಿಯ ಬಳ್ಳಿಯಂತೆ ಬಾಗಿಸಬಹುದು. ಇನ್ನೊಂದು ತುಣುಕನ್ನು ಬೆಂಕಿಯಲ್ಲಿ ಚೆನ್ನಾಗಿ ಸುಟ್ಟರೆ ಅದರ ಆಕಾರವೂ ಉಳಿಯುವುದು. ಆದರೆ ಒತ್ತಿದೊಡನೆ ಪುಡಿಯಾಗುವುದು. ಮೊದಲನೆಯದರಲ್ಲಿ ಖನಿಜವು ಕರಗಿ ಕೊಲ್ಯಾಜೆನ್ ಎಂಬ ನಾರು ಉಳಿದಿದೆ. ಎರಡನೆಯದರಲ್ಲಿ ನಾರು ಉರಿದುಹೋಗಿ ಖನಿಜವು ಉಳಿದಿದೆ. ಮೂಳೆಯ ಬಲವು ಇವೆರಡರಲ್ಲಿ ಯಾವುದೊಂದರದೂ ಅಲ್ಲ, ಅವುಗಳ ಕೂಟದ್ದು. ಇಷ್ಟು ಸುಲಭವಾದ ಪರೀಕ್ಷೆ ಬೋಧಿಸುವ ಪಾಠವು ಶಸ್ತ್ರವೈದ್ಯದಲ್ಲಿ ಕಾರ್ಯರೂಪಕ್ಕೆ ಬರಲು ಬಹುಕಾಲ ಹಿಡಿಯಿತು. ಕಾಲವಿಳಂಬದ ಈ ಕಥೆಯೇ ಸಂಮಿಶ್ರ ದ್ರವ್ಯಗಳ ಚರಿತ್ರೆ.

ಆಧುನಿಕ ಪ್ರಯತ್ನಗಳಲ್ಲಿ ಮೊದಮೊದಲಿನವು ಜರ್ಮನಿಯಲ್ಲಿ ನಡೆದುವು. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲೀಸ್ ಗ್ಲುಕ್ ಎಂಬ ವೈದ್ಯನು ಕ್ಷಯದಿಂದ ಕೆಟ್ಟ ಮೊಳಕಾಲಿಗೆ ಆನೆಯ ದಂತದ ಕೀಲನ್ನು ಕೂಡಿಸಿದನು; ಸೋಂಕಿನ ದೆಸೆಯಿಂದ ಅದು ನಿಲ್ಲಲಿಲ್ಲ. 1892ರಲ್ಲಿ ಡ್ರೀಸ್‌ಮನ್ ಎಂಬುವನು ಮೂಳೆಯ ಟೊಳ್ಳುಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸಿನಿಂದ ತುಂಬಿದ ವಿವರವನ್ನು ಪ್ರಕಟಿಸಿದನು. 1920ರಲ್ಲಿ ಅಮೆರಿಕದ ಫ್ರೆಡ್ ಆಲ್ಬಿಯು ಕ್ಯಾಲ್ಸಿಯಂ ಫಾಸ್ಫೇಟಿನ ಲವಣವನ್ನು ಪ್ರಯೋಗಿಸಿದನು. 1926ರಲ್ಲಿ ಡಿ ಯಾಂಗ್ ಎಂಬ ವಿದ್ವಾಂಸನು ಕ್ಷಕಿರಣಗಳ ಸಹಾಯದಿಂದ ಮೂಳೆಯ ಖನಿಜವು ಅಪಟೈಟ್ ಎಂಬ ಶಿಲಾಖನಿಜದ ಜಾತಿಗೆ ಸೇರಿದುದೆಂದು ತೋರಿಸಿದನು. ಇಲ್ಲಿಗೆ ಮೂಳೆಯ ಒಂದು ಅರ್ಧದ ಸ್ವರೂಪವು ಸ್ಪಷ್ಟವಾಯಿತು. ಆದರೆ ಖನಿಜವೊಂದೇ ಭಾರ ಹೊರಲಾರದು, ಒಡೆಯುವುದು.

ಆದುದರಿಂದ ಭಾರ ಹೊರುವ ಕೆಲಸವು ಲೋಹದ ಪಾಲಿಗೆ ಬಂದಿತು. ಬಲವಾದುದೇ ಉತ್ತಮವೆಂಬ ಭಾವನೆ ಸಹಜವಾಗಿತ್ತು. ಅದರಲ್ಲಿಯೇ ದೋಷವೂ ಅಡಗಿತ್ತು. ಡ್ರೀಸ್‌ಮನ್ನನ ಬರಹ ಹೊರಬಂದ 1892ನೆಯ ವರ್ಷವೇ ಬರ್ಲಿನ್ನಿನ ಯೂಲಿಯುಸ್ ವೋಲ್ಫ್ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿ, ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ಅನುಸಾರವಾಗಿ ತನ್ನ ರಚನೆಯನ್ನು ತಿದ್ದಿಕೊಳ್ಳುವುದೆಂಬ ನಿಯಮವನ್ನು ಪ್ರತಿಪಾದಿಸಿದ್ದನು. ಗಿಗಾಪಾಸ್ಕಲ್ ಎಂಬ ಮಾನದಲ್ಲಿ ಅಳೆದರೆ ಉಕ್ಕಿನ ಬಿಗುವು ಸುಮಾರು 200. ಮೂಳೆಯ ಗಟ್ಟಿ ಕವಚದ್ದು 7ರಿಂದ 30ರೊಳಗೆ. ಎರಡೂ ಜೊತೆಯಾದಾಗ ಭಾರದ ಬಹುಪಾಲನ್ನು ಲೋಹವೇ ಹೊರುವುದು. ಕೆಲಸವಿಲ್ಲದ ಮೂಳೆಯು ಕ್ರಮೇಣ ಸವೆದು ಸಡಿಲಗೊಳ್ಳುವುದು. ನೆರವಿಗೆ ಬಂದ ಬಲವೇ ಕ್ಷಯಕ್ಕೆ ಕಾರಣವಾಯಿತು.

ಎರಡು ಬೇರೆ ಬೇರೆ ದಿಕ್ಕುಗಳಿಂದ ಪರಿಹಾರದ ಸಾಮಗ್ರಿಗಳು ಒದಗಿದುವು. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಸೊಂಟದ ಕೃತಕ ಕೀಲಿಗೆ ಮೊದಲು ಟೆಫ್ಲಾನನ್ನು ಬಳಸಿ, ಅದು ಬೇಗನೆ ಸವೆದು ಸೋತ ಮೇಲೆ, 1962ರಲ್ಲಿ ಪಾಲಿಎಥಿಲೀನ್ ಎಂಬ ಪಾಲಿಮರನ್ನು ಬಳಕೆಗೆ ತಂದನು. ದೇಹವು ಈ ಪಾಲಿಮರನ್ನು ಸಹಿಸುವುದೆಂಬುದು ಇದರಿಂದ ದೃಢವಾಯಿತು. 1969ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಲ್ಯಾರಿ ಹೆಂಚ್ ಮತ್ತು ಅವನ ಸಂಗಡಿಗರು ನಿರ್ಮಿಸಿದ ಒಂದು ಬಗೆಯ ಗಾಜು ಮೂಳೆಗೆ ಬಿಡಿಸಲಾರದಂತೆ ಅಂಟಿಕೊಂಡಿತು. ದೇಹವು ಪರದ್ರವ್ಯವನ್ನು ಸಹಿಸಿದರೆ ಸಾಲದು, ಸ್ವೀಕರಿಸಲೂಬಹುದೆಂಬ ಭರವಸೆ ಇದರಿಂದ ಹುಟ್ಟಿತು.

ಈ ಎರಡು ಧಾರೆಗಳು ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಒಂದುಗೂಡಿದುವು. 1981ರಲ್ಲಿ ವಿಲಿಯಂ ಬಾನ್‌ಫೀಲ್ಡ್ ಮತ್ತು ಸಂಗಡಿಗರು ಪಾಲಿಎಥಿಲೀನಿನಲ್ಲಿ ಹೈಡ್ರಾಕ್ಸಿಅಪಟೈಟ್ ಖನಿಜದ ಕಣಗಳನ್ನು ಸೇರಿಸಿದ ದ್ರವ್ಯವೊಂದನ್ನು ವಿದ್ವತ್ಪ್ರಪಂಚದ ಮುಂದಿಟ್ಟರು. ಮುಂದೆ ಅದು ಹ್ಯಾಪೆಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅದರಲ್ಲಿ ಕೊಲ್ಯಾಜೆನ್ನಿನ ಸ್ಥಾನವನ್ನು ಪಾಲಿಮರ್ ವಹಿಸಿತು; ಮೂಳೆಯ ಖನಿಜದ ಸ್ಥಾನವನ್ನು ಅದರ ಸಜಾತೀಯವೇ ವಹಿಸಿತು. ಅತ್ಯಂತ ಬಲವಾದುದು ಯಾವುದೆಂಬ ಹಳೆಯ ಪ್ರಶ್ನೆಯನ್ನು ಬಿಟ್ಟು ಮೂಳೆಗೆ ಸದೃಶವಾದುದು ಯಾವುದೆಂದು ಕೇಳಿದುದೇ ಇದರ ನಿಜವಾದ ಹೊಸತನ.

ಆದರೆ ಸಾದೃಶ್ಯಕ್ಕೂ ಮಿತಿಯುಂಟು. ಗಾತ್ರದಲ್ಲಿ ನೂರಕ್ಕೆ 40 ಪಾಲು ಖನಿಜ ಸೇರಿದಾಗ ಹ್ಯಾಪೆಕ್ಸಿನ ಬಿಗುವು ಸುಮಾರು 4 ಗಿಗಾಪಾಸ್ಕಲ್ ಆಗುವುದು. ಇನ್ನೂ ಸೇರಿಸುತ್ತ ಹೋದರೆ ದ್ರವ್ಯವು ಪೆಡಸಾಗಿ ಮುರಿಯತೊಡಗುವುದು. ಇದರ ಕಾರಣವು ವಿಚಾರಾರ್ಹವಾದುದು. ಮೂಳೆಯಲ್ಲಿ ಅತಿಸೂಕ್ಷ್ಮವಾದ ಖನಿಜದ ಹರಳುಗಳು ನಾರಿನ ಎಳೆಯೊಳಗೇ ಸಾಲುಗೊಂಡಿವೆ. ಹ್ಯಾಪೆಕ್ಸಿನ ಕಣಗಳಾದರೋ ಅವುಗಳಿಗಿಂತ ಬಹಳ ದೊಡ್ಡವು. ಪಾಲಿಮರಿನೊಡನೆ ಅವಕ್ಕೆ ರಾಸಾಯನಿಕ ಬಂಧವಿಲ್ಲ, ಆರುವಾಗ ಕುಗ್ಗಿದ ಪಾಲಿಮರಿನ ಹಿಡಿತವಷ್ಟೇ ಇದೆ. ಕೂಡಿಸುವುದು ಬೇರೆ, ಹೆಣೆಯುವುದು ಬೇರೆ. ಆದುದರಿಂದ ತೊಡೆಯ ಭಾರವನ್ನು ಹೊರುವ ಪಟ್ಟ ಹ್ಯಾಪೆಕ್ಸಿಗೆ ದೊರೆಯಲಿಲ್ಲ. ಕಣ್ಣಿನ ಗೂಡಿನ ತಳವನ್ನು ಸರಿಪಡಿಸುವುದರಲ್ಲಿಯೂ ಕಿವಿಯೊಳಗಿನ ಪುಟ್ಟ ಮೂಳೆಗಳ ಬದಲಿಯಾಗಿಯೂ ಅದು ಉಪಯೋಗಕ್ಕೆ ಬಂದಿತು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿಯೇ ಚಾಕುವಿನಿಂದ ಕೊರೆದು ರೋಗಿಯ ಅಳತೆಗೆ ಹೊಂದಿಸಬಹುದಾದುದು ಅದರ ವಿಶೇಷ ಗುಣ.

ಅನಂತರದ ವಿದ್ವಾಂಸರು ಮತ್ತೊಂದು ಪ್ರಶ್ನೆಯನ್ನೆತ್ತಿದರು: ಮೂಳೆಯು ಕೂಡಿಕೊಂಡ ಮೇಲೆ ಪರದ್ರವ್ಯವು ಅಲ್ಲಿರಬೇಕೇಕೆ? 1966ರಷ್ಟು ಹಿಂದೆಯೇ ಅಮೆರಿಕದಲ್ಲಿ ಕುಲಕರ್ಣಿ ಮತ್ತು ಸಂಗಡಿಗರು ಪಾಲಿಲ್ಯಾಕ್ಟಿಕ್ ಆಮ್ಲವೆಂಬ ಪಾಲಿಮರು ದೇಹದೊಳಗೆ ಕ್ರಮೇಣ ಕರಗುವುದನ್ನು ವರದಿ ಮಾಡಿದ್ದರು. 1999ರಲ್ಲಿ ಜಪಾನಿನ ಶಿಕಿನಾಮಿ ಮತ್ತು ಒಕುನೋ ಅದೇ ಜಾತಿಯ ಪಾಲಿಮರಿನಲ್ಲಿ ಹೈಡ್ರಾಕ್ಸಿಅಪಟೈಟಿನ ಕಣಗಳನ್ನು ಬೆರೆಸಿ ತಯಾರಿಸಿದ ದ್ರವ್ಯದ ವಿವರವನ್ನು ಪ್ರಕಟಿಸಿದರು. ಮುರಿದ ಮೂಳೆಯನ್ನು ಹಿಡಿದಿರಿಸುವ ತಿರುಪು, ಮೊಳೆಗಳಾಗಿ ಇದು ರೂಪುಗೊಂಡಿತು. ಮೂಳೆಯು ಬಲಗೊಂಡಂತೆ ಭಾರವನ್ನು ಅದಕ್ಕೆ ಒಪ್ಪಿಸುತ್ತ ತಾನು ಕ್ಷೀಣಿಸುವುದು ಇಂತಹ ದ್ರವ್ಯಗಳ ಆದರ್ಶ. ಆದರೆ ಕರಗುವ ವೇಗವನ್ನೂ ಮೂಳೆ ಬೆಳೆಯುವ ವೇಗವನ್ನೂ ಹೊಂದಿಸುವುದು ಸುಲಭವಲ್ಲ; ಬೇಗ ಕರಗಿದರೆ ಸಂಧಾನವು ಸಡಿಲುವುದು, ತಡವಾದರೆ ಲೋಹದ ಹಳೆಯ ದೋಷವೇ ಮರುಕಳಿಸುವುದು.

ದಂತದಿಂದ ಮೊದಲಾದ ಈ ಪರಂಪರೆಯನ್ನು ಕೇವಲ ದ್ರವ್ಯಗಳ ಪಟ್ಟಿಯೆಂದೆಣಿಸುವುದು ಸರಿಯಲ್ಲ. ಮೂಳೆಯು ಜಡವಾದ ಕಂಬವೆಂದು ತಿಳಿದಿದ್ದ ಕಾಲದಲ್ಲಿ ಅದಕ್ಕೆ ಬದಲಿ ಕಂಬವನ್ನು ಹುಡುಕಿದರು. ಅದು ಎರಡರ ಕೂಟವೆಂದು ಮನಗಂಡಾಗ ಕೂಟವನ್ನೇ ಅನುಕರಿಸಿದರು. ಅದು ಸಜೀವವೆಂಬುದನ್ನು ನೆನೆದಾಗ ಅದಕ್ಕೆ ಎಡೆಮಾಡಿಕೊಟ್ಟು ಹಿಂದೆ ಸರಿಯುವ ದ್ರವ್ಯವನ್ನು ಅರಸಿದರು. ಚಿಕಿತ್ಸೆಯ ಪ್ರತಿಯೊಂದು ಮುನ್ನಡೆಯೂ ಮೂಳೆಯ ಸ್ವರೂಪವನ್ನು ಇನ್ನಷ್ಟು ಸರಿಯಾಗಿ ಅರಿತುದರ ಫಲವಾಗಿದೆ.