ಕೋವಿಯ ಕಿಂಡಿಗೆ ಕಾವಲು

ಮಲೆನಾಡಿನಲ್ಲೋ ಕೊಡಗಿನಲ್ಲೋ ಕೇಪಿನ ಕೋವಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದುರೆ, ಅಂದರೆ ಕೇಪಿನ ಮೇಲೆ ಬೀಳುವ ಸುತ್ತಿಗೆ, ಬಡಿದೊಡನೆ ಈಡು ಮುಂದಕ್ಕೆ ಹಾರುತ್ತದೆ. ಒಂದಿಷ್ಟು ಹೊಗೆ, ಒಮ್ಮೊಮ್ಮೆ ಕೇಪಿನ ಚೂರು, ಮುಖದ ಕಡೆಗೂ ಬರುತ್ತದೆ. ಮದ್ದಿಗೆ ಬೆಂಕಿ ಮುಟ್ಟಿಸಲು ನಳಿಗೆಯ ಬುಡದಲ್ಲೊಂದು ಕಿಂಡಿ ಬೇಕೇ ಬೇಕು. ಬೆಂಕಿ ಒಳಹೋದ ಆ ದಾರಿಯಲ್ಲೇ ಅನಿಲ ಹೊರಗೆ ನುಗ್ಗುತ್ತದೆ.

ಚಕಮಕಿ ಕೋವಿಗಳ ಕಾಲದಲ್ಲೇ ಕಿಂಡಿ ಸವೆಯುವುದು ದೊಡ್ಡ ತಲೆನೋವಾಗಿತ್ತು. ಇಂಗ್ಲೆಂಡಿನ ಉತ್ತಮ ಕುಶಲಕರ್ಮಿಗಳು ಅದಕ್ಕೆ ಚಿನ್ನದ, ಆಮೇಲೆ ಪ್ಲಾಟಿನಮ್ಮಿನ ಒಳಕವಚ ಕೂರಿಸುತ್ತಿದ್ದರು. ರಂಜಕದ ಬಟ್ಟಲಿನ ಮಿಂಚು ಕಂಡು ಹಕ್ಕಿಗಳು ಬೆದರುತ್ತವೆಂದು ಬೇಸತ್ತ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್, ಬಡಿದರೆ ಸಿಡಿಯುವ ರಾಸಾಯನಿಕ ಬಳಸಿ 1807ರಲ್ಲಿ ಪೇಟೆಂಟ್ ಪಡೆದ. ಅದರ ಬೆನ್ನಿಗೆ ತಾಮ್ರದ ಕೇಪು ಬಂತು. ಕೇಪು ಒಡೆದು ಸಿಡಿಯದಂತೆ ಕುದುರೆಯ ಮೂತಿಯನ್ನೇ ಬಟ್ಟಲಿನಂತೆ ಕೊರೆದು ಅದರ ಮೇಲೆ ಕವುಚುವ ಹಾಗೆ ಮಾಡಿದರು. ಸರಳವಾದರೂ ಜಾಣ ಉಪಾಯ.

ದೊಡ್ಡ ತಿರುವು ಬಂದದ್ದು ಅಮೆರಿಕದ ಮಿಸೌರಿಯಲ್ಲಿ. 1985ರಲ್ಲಿ ಟೋನಿ ನೈಟ್ ತಯಾರಿಸಿದ ಎಂಕೆ-85 ಕೋವಿಯಲ್ಲಿ ಬೆಂಕಿ ನಳಿಗೆಯ ಹಿಂದಿನಿಂದ ನೇರವಾಗಿ ಮದ್ದಿಗೆ ತಾಗುತ್ತಿತ್ತು. ಬುಡದ ಬಿರಡೆ, ಅಂದರೆ ಬ್ರೀಚ್ ಪ್ಲಗ್, ತಿರುಗಿಸಿ ಬಿಚ್ಚುವಂತಿತ್ತು. ನಳಿಗೆ ತೊಳೆಯುವುದು ಸುಲಭವಾಯಿತು. ಆದರೆ ಸೋರಿಕೆಯೂ ಕಣ್ಣು, ದುರ್ಬೀನಿನ ನೇರಕ್ಕೇ ಬಂತು. ಕರಿಮದ್ದಿನ ಬದಲಿಗೆ ಬಂದ ಪೈರೊಡೆಕ್ಸ್ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಹಾಗಾಗಿ ಶಾಟ್‌ಗನ್ ತೋಟೆಯ 209 ಪ್ರೈಮರ್ ಬಳಕೆಗೆ ಬಂತು. ತೋಟೆಯ ಬುಡದಲ್ಲಿ ಬಿಗಿಯಾಗಿ ಕೂರಲೆಂದು ಮಾಡಿದ ಪ್ರೈಮರ್ ಅದು. ಬಿರಡೆಯ ಗುಳಿಯಲ್ಲಿ ಸಡಿಲವಾಗಿ ಕೂತರೆ ಅನಿಲ ಅದನ್ನು ಹಿಂದಕ್ಕೆ ತಳ್ಳಿ ಸುತ್ತಲಿನ ಸಂದಿನಿಂದ ಚಿಮ್ಮುತ್ತದೆ. ಬೋಲ್ಟು, ದುರ್ಬೀನು ಎಲ್ಲಕ್ಕೂ ಕರಿ ಮೆತ್ತುತ್ತದೆ.

ಬಿರಡೆಯನ್ನು ತಿದ್ದುವ ಕೆಲಸ ಶುರುವಾದದ್ದು ಇಲ್ಲಿಂದ. ಕೆಲವರು ಗುಳಿಯೊಳಗೆ ರಬ್ಬರಿನ ಓ-ರಿಂಗ್ ಇಟ್ಟರು. ಅದು ಬೇಗ ಸುಟ್ಟುಹೋಗುತ್ತದೆ. ತೆಳು ಬಿಲ್ಲೆ ಕೊಟ್ಟು ಬೋಲ್ಟಿಗೂ ಪ್ರೈಮರಿಗೂ ನಡುವಿನ ಸಂದು ಮುಚ್ಚುವುದು ಅದಕ್ಕಿಂತ ವಾಸಿ. ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನ ಸಲ್ಲಬೇಕಾದದ್ದು ಕಿಂಡಿಯ ಸವೆತಕ್ಕೆ. ಹೊಸ ಬಿರಡೆಯ ಕಿಂಡಿ ಸುಮಾರು ಮುಕ್ಕಾಲು ಮಿಲಿಮೀಟರ್. ಅದು ಒಂದು ಮಿಲಿಮೀಟರಿಗೆ ಹಿಗ್ಗಿದರೆ ವಿಸ್ತೀರ್ಣ 1.8 ಪಟ್ಟಿನ ಹತ್ತಿರಕ್ಕೆ ಏರುತ್ತದೆ; ಹಿಂದಕ್ಕೆ ನುಗ್ಗುವ ಅನಿಲಕ್ಕೆ ಬಾಗಿಲು ಅಷ್ಟೇ ಅಗಲವಾದಂತೆ. ಅನುಭವಿಗಳು ಹೊಸ ಕಿಂಡಿಗೆ ಇಳಿಯದಷ್ಟೇ ದಪ್ಪದ ಡ್ರಿಲ್ ಬಿಟ್ ಒಂದನ್ನು ಎತ್ತಿಟ್ಟಿರುತ್ತಾರೆ. ಅದು ಒಳಗಿಳಿದ ದಿನ ಬಿರಡೆಗೆ ವಿದಾಯ. ಹೊಗೆರಹಿತ ಮದ್ದಿಗೆಂದೇ ಬಂದ ಸ್ಯಾವೇಜ್ 10ಎಂಎಲ್‌ನಲ್ಲಿ ಕಿಂಡಿಯಿರುವ ತುಣುಕನ್ನಷ್ಟೇ ಬದಲಿಸಬಹುದಿತ್ತು. ಚಿನ್ನದ ಕವಚದ ಯೋಚನೆಯೇ ಉಕ್ಕಿನ ಸ್ಕ್ರೂ ಆಗಿ ಮರಳಿತ್ತು.

2008ರಲ್ಲಿ ಬಂದ ಬ್ಲ್ಯಾಕ್‌ಹಾರ್ನ್ 209 ಮದ್ದು ಸೋರಿಕೆಯನ್ನು ಸಹಿಸುವುದಿಲ್ಲ. ಪ್ರೈಮರಿನ ಜ್ವಾಲೆ ಹಿಂದಕ್ಕೆ ಹರಿದುಹೋದರೆ ಈಡು ತಡವಾಗಿ ಹಾರುತ್ತದೆ, ಇಲ್ಲವೇ ಹಾರುವುದೇ ಇಲ್ಲ. ಹಿಂಚಿಮ್ಮುವಿಕೆ ಬರೀ ಕೊಳೆಯ ಪ್ರಶ್ನೆಯಲ್ಲವೆಂದು ಇದು ತೋರಿಸಿಕೊಟ್ಟಿತು. 2014ರ ರೆಮಿಂಗ್ಟನ್ 700 ಅಲ್ಟಿಮೇಟ್‌ನಲ್ಲಿ ರೈಫಲ್ ಪ್ರೈಮರನ್ನು ಹಿತ್ತಾಳೆಯ ಗಿಡ್ಡ ತೋಟೆಯಲ್ಲಿ ಕೂರಿಸಿದರು. ಒತ್ತಡಕ್ಕೆ ಹಿತ್ತಾಳೆ ಹಿಗ್ಗಿ ಗೋಡೆಗೆ ಅಂಟಿಕೊಂಡು ತಾನೇ ಮುಚ್ಚಳವಾಗುತ್ತದೆ. ಈವರೆಗಿನ ಪರಿಹಾರಗಳಲ್ಲಿ ನನಗೆ ಇದೇ ಅತ್ಯಂತ ಸಮರ್ಪಕ ಅನ್ನಿಸುತ್ತದೆ.

2020ರ ಫೆಡರಲ್ ಫೈರ್‌ಸ್ಟಿಕ್ ಬಿರಡೆಯನ್ನೇ ತೆಗೆದುಹಾಕಿತು: ಗುಂಡು ಬಾಯಿಂದ, ಪ್ಲಾಸ್ಟಿಕ್ ಕೊಳವೆಯಲ್ಲಿ ಮೊಹರಾದ ಮದ್ದು ಹಿಂದಿನಿಂದ. ಇದನ್ನು ಬಾಯಿಂದ ತುಂಬುವ ಕೋವಿ ಎನ್ನಬಹುದೇ ಎಂಬ ಬಗ್ಗೆ ಅಮೆರಿಕದ ರಾಜ್ಯಗಳ ಬೇಟೆ ನಿಯಮಗಳಲ್ಲೇ ಒಮ್ಮತ ಮೂಡಲಿಲ್ಲ.