ಕುಮಾಮೊಟೊ ಕೋಟೆ: ಉರುಳಿದ ಕಲ್ಲು ಮರಳಿ ಗೂಡಿಗೆ

ಕೋಟೆ ಕಟ್ಟುವುದು ಕಷ್ಟವೋ, ಬಿದ್ದ ಕೋಟೆಯನ್ನು ಇದ್ದಂತೆಯೇ ಮತ್ತೆ ಕಟ್ಟುವುದು ಕಷ್ಟವೋ? ಜಪಾನಿನ ಕ್ಯೂಶು ದ್ವೀಪದ ಕುಮಾಮೊಟೊ ಕೋಟೆಯನ್ನು ಕಂಡವರು ಎರಡನೆಯದೇ ಕಷ್ಟ ಎನ್ನುತ್ತಾರೆ.

ಕಾಟೊ ಕಿಯೊಮಾಸಾ ಎಂಬ ಸೇನಾನಿ ಕಟ್ಟಿಸಿದ ಈ ಕೋಟೆ ಪೂರ್ಣಗೊಂಡದ್ದು 1607ರಲ್ಲಿ. ಇದರ ಹೆಗ್ಗಳಿಕೆ ಇರುವುದು ಕಲ್ಲುಗೋಡೆಗಳಲ್ಲಿ. ಬುಡದಲ್ಲಿ ಓರೆಯಾಗಿ ಆರಂಭವಾಗುವ ಗೋಡೆ ಮೇಲೇರಿದಂತೆ ಕಡಿದಾಗುತ್ತ ಹೋಗುತ್ತದೆ. ಹತ್ತಲು ಹೊರಟ ಶತ್ರು ನಡುದಾರಿಯಲ್ಲೇ ಸೋಲಬೇಕು. 1877ರ ಸತ್ಸುಮಾ ದಂಗೆಯಲ್ಲಿ ಸಾಯಿಗೊ ತಕಮೋರಿಯ ಪಡೆ ಸುಮಾರು 50 ದಿನ ಮುತ್ತಿಗೆ ಹಾಕಿದರೂ ಕೋಟೆ ಕೈವಶವಾಗಲಿಲ್ಲ. ಆದರೆ ಮುತ್ತಿಗೆಗೆ ಮೊದಲೇ ಮುಖ್ಯ ಗೋಪುರ ಬೆಂಕಿಗೆ ಆಹುತಿಯಾಗಿತ್ತು. ಈಗ ಕಾಣುವ ಗೋಪುರ 1960ರಲ್ಲಿ ಕಾಂಕ್ರೀಟಿನಲ್ಲಿ ಮರುನಿರ್ಮಿಸಿದ್ದು.

ಸೈನ್ಯಕ್ಕೆ ಬಗ್ಗದ ಕೋಟೆ ಭೂಮಿಯ ಮುಂದೆ ಬಗ್ಗಿತು. 2016ರ ಏಪ್ರಿಲ್ 14ರ ರಾತ್ರಿ 6.5 ತೀವ್ರತೆಯ ಭೂಕಂಪ ಸಂಭವಿಸಿತು. ಅದೇ ಪ್ರಧಾನ ಕಂಪನವೆಂದು ಭಾವಿಸಿದ್ದಾಗ, 16ರ ನಸುಕಿಗೆ ಮುನ್ನ 7.3 ತೀವ್ರತೆಯ ಇನ್ನೊಂದು ಅಪ್ಪಳಿಸಿತು. ಹೆಂಚುಗಳು ಜಾರಿಬಿದ್ದವು. ಸರ್ಕಾರ ಪ್ರಮುಖ ಸಾಂಸ್ಕೃತಿಕ ಸ್ವತ್ತುಗಳೆಂದು ಗುರುತಿಸಿದ್ದ 13 ಹಳೆಯ ಕಟ್ಟಡಗಳೂ ಜಖಂಗೊಂಡವು. ಕಲ್ಲುಗೋಡೆಗಳಲ್ಲಿ ಸುಮಾರು ಶೇ 30ರಷ್ಟು ಭಾಗ ಕುಸಿಯಿತು, ಉಬ್ಬಿತು ಅಥವಾ ಸಡಿಲವಾಯಿತು. ಒಂದು ಕಾವಲು ಗೋಪುರವಂತೂ ಮೂಲೆಯ ಒಂದೇ ಸಾಲು ಕಲ್ಲಿನ ಆಸರೆಯಲ್ಲಿ ನಿಂತು ಎಲ್ಲರನ್ನೂ ಬೆರಗುಗೊಳಿಸಿತು.

ಗೋಡೆ ಕುಸಿದದ್ದೇಕೆ? ಇಲ್ಲಿ ಕಲ್ಲಿಗೆ ಕಲ್ಲನ್ನು ಅಂಟಿಸುವ ಗಾರೆಯಿಲ್ಲ. ಮುಂದೆ ದೊಡ್ಡ ಕಲ್ಲುಗಳು, ಅವುಗಳ ಹಿಂದೆ ನೀರು ಬಸಿಯಲೆಂದು ತುಂಬಿದ ಸಣ್ಣ ಕಲ್ಲುಗಳು, ಅದರ ಹಿಂದೆ ಮಣ್ಣು. ನೆಲ ಅದುರಿದಾಗ ಸಣ್ಣ ಕಲ್ಲುಗಳು ಕುಸಿದು ಕೆಳಗಿಳಿದು, ಮುಂದಿನ ಕಲ್ಲುಗಳನ್ನು ಹೊರಕ್ಕೆ ನೂಕುತ್ತವೆ. 1889ರ ಭೂಕಂಪದಲ್ಲಿಯೂ ಇಲ್ಲಿನ ಗೋಡೆಗಳು ಬಿದ್ದಿದ್ದವು.

ದುರಸ್ತಿಯ ಮೊದಲ ಸರದಿ ನಗರದ ಹೆಗ್ಗುರುತಾದ ಕಾಂಕ್ರೀಟ್ ಗೋಪುರದ್ದು. ಅದು 2021ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ನಿಜವಾದ ಪುರಾತನ ಆಸ್ತಿಯಾದ ಗೋಡೆಗಳ ಕೆಲಸ ಮಾತ್ರ ನಿಧಾನ. ಬಿದ್ದ ಪ್ರತಿಯೊಂದು ಕಲ್ಲಿಗೂ ಸಂಖ್ಯೆ ನೀಡಿ, ಹಳೆಯ ಛಾಯಾಚಿತ್ರಗಳೊಡನೆ ಹೋಲಿಸಿ, ಅದರದೇ ಜಾಗಕ್ಕೆ ಸೇರಿಸಬೇಕು. ಹೊಸ ಕಲ್ಲು ಕಡಿದು ಜೋಡಿಸಿದರೆ ಕೆಲಸ ಬೇಗ ಮುಗಿದೀತು, ಗೋಡೆ ಮಾತ್ರ ಕಿಯೊಮಾಸಾನ ಕಾಲದ್ದಾಗಿ ಉಳಿಯದು. ಇತ್ತ ಹಳೆಯ ಕ್ರಮದಲ್ಲೇ ಜೋಡಿಸಿದರೂ, ಕೆಳಗೆ ನಡೆದಾಡುವ ಜನರ ಸುರಕ್ಷತೆಯನ್ನು ಮರೆಯುವಂತಿಲ್ಲ. ಈ ಇಕ್ಕಟ್ಟಿಗೆ ಸುಲಭದ ಉತ್ತರವಿಲ್ಲ.

ಮೊದಲು 20 ವರ್ಷ ಸಾಕೆಂದುಕೊಂಡಿದ್ದ ಕೆಲಸದ ಗಡುವು ಈಗ 2052ಕ್ಕೆ ಹೋಗಿದೆ. ಕಟ್ಟಲು ಹಿಡಿದ ಕಾಲಕ್ಕಿಂತ ರಿಪೇರಿಯ ಕಾಲವೇ ಎಷ್ಟೋ ಪಟ್ಟು ದೊಡ್ಡದು. ಇಂದು ಕಲ್ಲಿಗೆ ಸಂಖ್ಯೆ ಬರೆಯುತ್ತಿರುವ ಹಿರಿಯ ಕುಶಲಕರ್ಮಿ ಕೊನೆಯ ಕಲ್ಲನ್ನು ನೋಡದೆಯೂ ಹೋಗಬಹುದು. ಹಾಗಾಗಿ ಅಲ್ಲಿ ಗೋಡೆಯ ಜೊತೆಗೇ, ಅದನ್ನು ಕಟ್ಟುವ ವಿದ್ಯೆಯನ್ನೂ ಮುಂದಿನ ಪೀಳಿಗೆಗೆ ದಾಟಿಸಬೇಕಾಗಿದೆ.