ಕಮಲಾಪುರದ ಹಾದಿಯಲ್ಲಿ ಯೆಜ್ಡಿ

ಇತಿಹಾಸ ಕಲಿಸುವವರಿಗೆ ‘ಕಾರಣಗಳನ್ನು ಬರೆಯಿರಿ’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ವಿಜಯನಗರದ ಪತನಕ್ಕೆ ಕಾರಣಗಳು, 1857ರ ದಂಗೆಗೆ ಕಾರಣಗಳು. ನಾಲ್ಕು ಅಂಕಕ್ಕೆ ನಾಲ್ಕು ಕಾರಣ. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇನೆ. ಇಪ್ಪತ್ತೇಳು ವರ್ಷ ಹೀಗೆ ನಡೆದಿದೆ. ಆದರೆ ಕಾರಣ ಹುಡುಕುವುದೆಂದರೆ ಏನೆಂಬುದನ್ನು ನನಗೆ ಕಲಿಸಿದ್ದು ಬಿ.ಎಡ್. ಅಲ್ಲ, ಅಪ್ಪನ ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲು.

ಅಪ್ಪ ಕಮಲಾಪುರದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಮನೆ ಕಲಬುರಗಿಯಲ್ಲಿ. ಹುಮನಾಬಾದ್ ರಸ್ತೆಯಲ್ಲಿ ಸುಮಾರು ಮೂವತ್ತೈದು ಕಿಲೋಮೀಟರ್ ದಾರಿ. ಬಸ್ಸಿಗೆ ಕಾದು ಕಾದು ಬೇಸತ್ತು 1979ರಲ್ಲಿ ಸಾಲ ಮಾಡಿ ಗಾಡಿ ಕೊಂಡರು. ಸಂಜೆ ಓಣಿಯ ತಿರುವಿನಲ್ಲಿ ಅದರ ‘ಡುಗು ಡುಗು’ ಸದ್ದು ಕೇಳಿದರೆ ಅವ್ವ ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದಳು. ಒಮ್ಮೊಮ್ಮೆ ಹ್ಯಾಂಡಲಿಗೆ ಕಮಲಾಪುರದ ಕೆಂಪು ಬಾಳೆಯ ಚಿಪ್ಪು ಜೋತಾಡುತ್ತಿರುತ್ತಿತ್ತು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಹಣ್ಣು ನಮಗೆ ಆಗ ಬರೀ ‘ಅಪ್ಪ ತಂದ ಹಣ್ಣು’.

ಆ ಗಾಡಿಯ ಹುಟ್ಟೂರು ಮೈಸೂರು. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪನಿಯ ಹಕ್ಕು ಕೊಂಡು ಮೋಟಾರ್ ಸೈಕಲ್ ಮಾಡತೊಡಗಿದ. ಎರಡೂ ಹೆಸರಿನ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಆಯಿತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅದೇ ಗಾಡಿಯನ್ನು ಇಲ್ಲಿ ತಯಾರಿಸಲು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ನಿಜಾಮನ ಸೀಮೆಯಾಗಿದ್ದ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ವ್ಯಾಪಾರಕ್ಕೂ ವೈದ್ಯಕ್ಕೂ ಹೈದರಾಬಾದಿನ ಕಡೆಗೇ ಮುಖ ಮಾಡಿದ್ದ ನಮ್ಮ ಮನೆಯಂಥವರಿಗೆ ಮೈಸೂರಿನಿಂದ ಬಂದ ದೊಡ್ಡ ವಸ್ತುವೆಂದರೆ ಈ ಗಾಡಿಯೇ. 1973ರ ನವೆಂಬರಿನಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು; ಸುಮಾರು ಅದೇ ಹೊತ್ತಿಗೆ ಜಾವಾ ಕೂಡ ಯೆಜ್ಡಿ ಆಯಿತು.

ಅಪ್ಪ ತೀರಿಕೊಂಡ ಮೇಲೆ ಗಾಡಿ ಹನ್ನೊಂದು ವರ್ಷ ಪತ್ರಾಸಿನ ಕೆಳಗೆ ನಿಂತಿತ್ತು. ಎಂಜಿನ್ ಬಿಗಿದುಹೋಗಿತ್ತು. ಅವರ ಪುಣ್ಯತಿಥಿಯ ದಿನ ಅದರ ಮೇಲೆಯೇ ಕಮಲಾಪುರಕ್ಕೆ ಹೋಗಿಬರಬೇಕೆಂದು ನನಗೂ ತಮ್ಮನಿಗೂ ಆಸೆ ಹುಟ್ಟಿತು. ಅಪ್ಪನ ಕಾಲದಿಂದಲೂ ಆ ಗಾಡಿಯ ನಾಡಿ ಬಲ್ಲವರು ದರ್ಗಾ ಕಡೆಯ ಗಲ್ಲಿಯ ಒಬ್ಬ ಉಸ್ತಾದರು. ಅವರಿಗೇ ಒಪ್ಪಿಸಿದೆವು.

ಉಸ್ತಾದರು ಎಂಜಿನ್ ಪೂರ್ತಿ ಬಿಚ್ಚಿದರು. ಸಿಲಿಂಡರಿಗೆ ಬೋರಿಂಗ್ ಮಾಡಿಸಿದರು, ಒಂದು ಅಳತೆ ದೊಡ್ಡ ಪಿಸ್ಟನ್, ಹೊಸ ರಿಂಗು, ಬೇರಿಂಗು, ಆಯಿಲ್ ಸೀಲು ಹಾಕಿದರು. ಪಾಯಿಂಟಿನ ಗ್ಯಾಪು 0.4 ಮಿಲಿಮೀಟರ್, ಪಿಸ್ಟನ್ ಮೇಲಿನ ತುದಿ ಮುಟ್ಟಲು ಸುಮಾರು 3 ಮಿಲಿಮೀಟರ್ ಇರುವಾಗಲೇ ಕಿಡಿ ಹಾರಬೇಕು. ಒಂದು ಕೂದಲೆಳೆ ಮೊದಲಾದರೆ ಎಂಜಿನ್ ಕಾಯುತ್ತದೆ, ತಡವಾದರೆ ಸೊರಗುತ್ತದೆ. ಹೊಸ ಪಿಸ್ಟನ್ ಸಿಲಿಂಡರಿಗೆ ಹೊಂದಿಕೊಳ್ಳುವವರೆಗೆ ನಲವತ್ತರ ವೇಗ ದಾಟಬಾರದು, ಲೀಟರ್ ಪೆಟ್ರೋಲಿಗೆ 50 ಮಿಲಿ ಎಣ್ಣೆ ಬೆರೆಸಬೇಕು ಎಂದು ತಾಕೀತು ಮಾಡಿದರು.

ಈ ಎಂಜಿನ್ನಿಗೆ ನೀರಿಲ್ಲ, ಫ್ಯಾನಿಲ್ಲ. ಸಿಲಿಂಡರಿನ ಸುತ್ತ ಇರುವ ಲೋಹದ ಪದರುಗಳಿಗೆ ಎದುರುಗಾಳಿ ತಾಗಿ ಅದು ತಣಿಯಬೇಕು. ಜರ್ಮನಿಯ ಹೆಸರಾಂತ ಪೋರ್ಷೆ 911 ಕಾರು ಕೂಡ 1998ರವರೆಗೆ ಗಾಳಿಯಿಂದಲೇ ತಣಿಯುತ್ತಿತ್ತಂತೆ. ಆದರೆ ಅದಕ್ಕೆ ದೊಡ್ಡದೊಂದು ಫ್ಯಾನಿತ್ತು, ಮೇಲಾಗಿ ಅದು ಕಲಬುರಗಿಯ ಬಿಸಿಲು ಕಂಡಿರಲಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ನಾವು ಹೊರಟದ್ದು ಮಾರ್ಚಿನಲ್ಲಿ.

ಮೊದಲ ವಾರ ಗಾಡಿ ಊರೊಳಗೆ ಚೆನ್ನಾಗಿಯೇ ಓಡಿತು. ಆಮೇಲೆ ಕಮಲಾಪುರದ ರಸ್ತೆ ಹಿಡಿದೆವು. ಕಪನೂರು ದಾಟುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತಿತು. ಬೇವಿನ ನೆರಳಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದೆವು; ಒಂದೇ ಕಿಕ್ಕಿಗೆ ಎದ್ದಿತು. ಮತ್ತೆ ಸ್ವಲ್ಪ ದೂರ ಹೋಗಿ ನಿಂತಿತು.

“ಅಕ್ಕಾ, ಕಾವು ಏರ್ಯಾದ. ತಣ್ಣಗಾದ್ರ ಹೊಂಡ್ತದ, ಕಾದ್ರ ನಿಂದ್ರತದ. ಮತ್ತೇನ್ ಬೇಕು?” ಎಂದ ತಮ್ಮ. ನನಗೂ ಅದೇ ಸರಿಯೆನಿಸಿತು. ಉಸ್ತಾದರೂ ಹಾಗೇ ತಿಳಿದರು. ಕಾದಾಗ ಕಿಡಿ ಸಾಯಿಸುವುದು ಕಂಡೆನ್ಸರಿನ ಹಳೆಯ ರೋಗ, ಅದನ್ನು ಬದಲಾಯಿಸಿದರು. ಗಾಡಿ ಮತ್ತೆ ನಿಂತಿತು. ಟೈಮಿಂಗ್ ಸ್ವಲ್ಪ ಹಿಂದೆ ಸರಿಸಿದರು. ನಿಂತಿತು. ಸೀಲಿನಿಂದ ಕಳ್ಳಗಾಳಿ ಹೊಕ್ಕರೆ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಕಾಯುತ್ತದೆಂದು ಸೀಲು ನೋಡಿದರು. ಸರಿಯಾಗಿತ್ತು. ಕಾರ್ಬುರೇಟರಿಗೆ ದೊಡ್ಡ ಜೆಟ್ ಹಾಕಿದರು. ಚಾಕಲೇಟಿನ ಬಣ್ಣಕ್ಕಿರಬೇಕಾದ ಪ್ಲಗ್ಗು ಕಾಡಿಗೆಯಾಯಿತು. ಗಾಡಿ ನಿಲ್ಲುವುದು ಮಾತ್ರ ತಪ್ಪಲಿಲ್ಲ.

ನಾಲ್ಕನೆಯ ಸಲ ದಾರಿಯಲ್ಲಿ ಕೈಕೊಟ್ಟ ದಿನ ನನ್ನ ತಾಳ್ಮೆ ಕೆಟ್ಟಿತು. ಗ್ಯಾರೇಜಿನ ಹುಡುಗರ ಎದುರಿಗೇ ಅಂದುಬಿಟ್ಟೆ: “ಹಳೇ ಪಿಸ್ಟನ್ನೇ ಹಾಕಿ ಹೊಸಾದರ ರೊಕ್ಕ ತಗೊಂಡೀರೇನ್ರಿ ಉಸ್ತಾದ್?”

ಅವರು ಮಾತಾಡಲಿಲ್ಲ. ಪಾನಾ ತೆಗೆದುಕೊಂಡು ಎಂಜಿನ್ನಿನ ತಲೆ ಬಿಚ್ಚಿದರು. ಪಿಸ್ಟನ್ನಿನ ನೆತ್ತಿಯ ಮಸಿಯನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸಿ, “ಓದ್ರಿ ಟೀಚರ್” ಎಂದರು. 65.50 ಎಂದು ಕೆತ್ತಿತ್ತು. ಮೂಲ ಅಳತೆ 65 ಮಿಲಿಮೀಟರ್. ಅವರು ಹಾಕಿದ್ದು ಹೊಸದೇ. ಮೂವತ್ತು ವರ್ಷ ಅಪ್ಪನ ಗಾಡಿ ನೋಡಿಕೊಂಡ ಮನುಷ್ಯ. ನನಗೆ ತಲೆ ಎತ್ತಲಾಗಲಿಲ್ಲ. ಕ್ಷಮೆ ಕೇಳುವ ಮಾತೂ ಗಂಟಲಲ್ಲೇ ಉಳಿಯಿತು.

ಹುಡುಗರು ತಲೆ ಮತ್ತೆ ಕೂಡಿಸುವಾಗ, ಏನಾದರೂ ಮಾಡಬೇಕಲ್ಲ ಎಂದು ಚೀಲದಿಂದ ನೋಟ್‌ಬುಕ್ ತೆಗೆದುಕೊಟ್ಟೆ. ಟೀಚರಿಕೆಯ ಚಾಳಿ, ಪ್ರತಿ ಸಲ ಎಷ್ಟು ದೂರಕ್ಕೆ ನಿಂತಿತು, ಟಾಕಿಯಲ್ಲಿ ಎಷ್ಟು ಪೆಟ್ರೋಲಿತ್ತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದಿಟ್ಟಿದ್ದೆ. ಉಸ್ತಾದರಿಗೆ ಕನ್ನಡ ಓದಲು ಬರುವುದಿಲ್ಲ, ಅಂಕಿ ಬರುತ್ತವೆ. ಬೆರಳಿಟ್ಟು ಓದುತ್ತ ಹೋದರು. ಟಾಕಿ ತುಂಬಿಸಿದ ದಿನ 7 ಕಿಲೋಮೀಟರ್. ಮರುದಿನ 12. ಅರ್ಧ ಟಾಕಿಯಿದ್ದಾಗ ಮಹಾಗಾಂವ್ ಕ್ರಾಸಿನವರೆಗೂ ಹೋಗಿತ್ತು. ಮತ್ತೆ ತುಂಬಿಸಿದ ದಿನ 6.

“ಕಾವಿನ ಬ್ಯಾನಿ ಇದ್ರ ಅದಕ್ಕ ಟಾಕಿ ಲೆಕ್ಕ ಯಾಕ ಬೇಕ್ರೀ?” ಎಂದು ತಮಗೆ ತಾವೇ ಕೇಳಿಕೊಂಡರು. ತಮ್ಮನಿಗೆ ಟಾಕಿ ತುಂಬಿಸಿಕೊಂಡು ಒಂದು ಸುತ್ತು ಹೊಡೆದು, ಗಾಡಿ ನಿಂತ ಜಾಗದಿಂದ ಫೋನ್ ಮಾಡಲು ಹೇಳಿದರು. ಫೋನ್ ಬಂತು. ನಾವಿಬ್ಬರೂ ಆಟೋದಲ್ಲಿ ಹೋದೆವು. ಉಸ್ತಾದರು ಎಂಜಿನ್ನಿನ ಕಡೆ ನೋಡಲೇ ಇಲ್ಲ. ಬಗ್ಗಿ ಟಾಕಿಯ ಮುಚ್ಚಳ ತಿರುವಿದರು. ‘ಸ್ಸ್’ ಎಂದು ಗಾಳಿ ಒಳಗೆ ನುಗ್ಗಿತು. “ಈಗ ಕಿಕ್ ಹೊಡಿ” ಎಂದರು. ಗಾಡಿ ಎದ್ದಿತು, ತಣಿಯಲು ಒಂದು ನಿಮಿಷವನ್ನೂ ಕೊಟ್ಟಿರಲಿಲ್ಲ.

ಮುಚ್ಚಳದ ಸಣ್ಣ ತೂತಿನಿಂದ ಟಾಕಿಯೊಳಗೆ ಗಾಳಿ ಹೋಗುತ್ತಿರಬೇಕು. ಇಲ್ಲವಾದರೆ ಪೆಟ್ರೋಲು ಇಳಿದಷ್ಟೂ ಮೇಲೆ ನಿರ್ವಾತವಾಗಿ ಪೆಟ್ರೋಲನ್ನು ಹಿಡಿದು ನಿಲ್ಲಿಸುತ್ತದೆ. ಟಾಕಿ ತುಂಬಿದ್ದರೆ ಮೇಲಿನ ಜಾಗ ಕಡಿಮೆ, ಬೇಗ ನಿಲ್ಲುತ್ತದೆ. ಖಾಲಿಯಾದಷ್ಟೂ ದೂರ ಹೋಗುತ್ತದೆ. ನಾವು ನೆರಳಲ್ಲಿ ಕಾಯುತ್ತಿದ್ದ ಇಪ್ಪತ್ತು ನಿಮಿಷದಲ್ಲಿ ಎಂಜಿನ್ ತಣಿಯುತ್ತಿತ್ತು, ನಿಜ. ಅದೇ ಹೊತ್ತಿನಲ್ಲಿ ಸಂದಿಯಿಂದ ಟಾಕಿಯೊಳಗೆ ಗಾಳಿಯೂ ಇಳಿಯುತ್ತಿತ್ತು. ಎರಡೂ ಒಟ್ಟಿಗೆ ನಡೆಯುತ್ತಿದ್ದುವು. ಕಣ್ಣಿಗೆ ಕಂಡದ್ದನ್ನು ಕಾರಣವೆಂದೆವು, ಕಾಣದ್ದನ್ನು ಕೇಳಲಿಲ್ಲ.

ಆ ತೂತು ಮುಚ್ಚಿದವಳು ನಾನೇ. ಹೊಸ ಬಣ್ಣದ ಟಾಕಿಯ ಮೇಲೆ ಪೆಟ್ರೋಲು ಜಿನುಗಿ ಕಲೆಯಾಗುತ್ತದೆಂದು ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಮುಚ್ಚಳದೊಳಗೆ ಇಟ್ಟಿದ್ದೆ. ಒಂದು ವಾರದಲ್ಲಿ ರಬ್ಬರು ಪೆಟ್ರೋಲು ಕುಡಿದು ಉಬ್ಬಿತ್ತು. ಉಸ್ತಾದರು ಅದನ್ನು ಕಿತ್ತು ನನ್ನ ಕೈಗಿಟ್ಟರು. ಆಮೇಲೆ ಜೆಟ್ಟು, ಟೈಮಿಂಗು ಎಲ್ಲವನ್ನೂ ಮೊದಲಿದ್ದ ಜಾಗಕ್ಕೆ ತರಲು ಅವರಿಗೆ ಅರ್ಧ ದಿನ ಹಿಡಿಯಿತು. ಒಂದು ತಪ್ಪು ಕಾರಣ ನಂಬಿದರೆ ಸರಿಯಿದ್ದುದನ್ನೂ ಎಷ್ಟು ಕೆಡಿಸುತ್ತೇವೆ!

ಅಂದಿನಿಂದ ನಾನು ಬೇರೆ ಪ್ರಶ್ನೆಗಳನ್ನೂ ಹಾಗೇ ನೋಡುತ್ತೇನೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯಾಕೆ ಎಂದರೆ ಎಲ್ಲರೂ ‘ಜಪಾನ್ ಗಾಡಿ ಬಂದವಲ್ಲ’ ಎನ್ನುತ್ತಾರೆ. ನಿಜ, 1984ರಲ್ಲಿ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಾಹಾ ಜೊತೆಯ ನೂರು ಸಿಸಿ ಗಾಡಿಗಳು ಬಂದವು, ಕಡಿಮೆ ಪೆಟ್ರೋಲಿನಲ್ಲಿ ಓಡಿದವು. ಆದರೆ ಅವು ಬಂದ ಮೇಲೂ ಯೆಜ್ಡಿ ಹತ್ತು ವರ್ಷ ಬದುಕಿತ್ತು. ಹೊಗೆಯ ಮೇಲಿನ ಕಟ್ಟುಪಾಡುಗಳು 1991ರಲ್ಲಿ ಬಂದು 1996ರಲ್ಲಿ ಬಿಗಿಯಾದವು; ಎಣ್ಣೆ ಸುಡುವ ಎರಡು ಸ್ಟ್ರೋಕಿನ ಎಂಜಿನ್ನಿಗೆ ಅದು ಕಷ್ಟವೇ. ಕಾರ್ಖಾನೆಯೊಳಗಿನ ಕಾರ್ಮಿಕರ ತಿಕ್ಕಾಟ, ಸಾಲ ಬೇರೆ. ಒಟ್ಟಿಗೆ ನಡೆದವುಗಳಲ್ಲಿ ಯಾವುದು ಕಾರಣ, ಯಾವುದು ಬರೀ ಜೊತೆಗಾರ? ನಾಲ್ಕು ಅಂಕಕ್ಕೆ ನಾಲ್ಕು ಸಾಲು ಬರೆದು ಮುಗಿಸುವ ಮಾತಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ರಸ್ತೆಗೆ ಬಂದವು. ಆ ಎಂಜಿನ್ನುಗಳು ದ್ರವದಿಂದ ತಣಿಯುತ್ತವೆ, ಗಾಡಿ ತಯಾರಾಗುವುದು ಮಧ್ಯಪ್ರದೇಶದಲ್ಲಿ.

ಪುಣ್ಯತಿಥಿಯ ದಿನ ಗಾಡಿ ಎಲ್ಲೂ ನಿಲ್ಲದೆ ಕಮಲಾಪುರ ಮುಟ್ಟಿತು. ಈಗ ತಾಲೂಕು ಕೇಂದ್ರವಾಗಿರುವ ಊರಿನಲ್ಲಿ ಅಪ್ಪನನ್ನು ಬಲ್ಲ ಒಬ್ಬ ಹಿರಿಯರು ಸದ್ದು ಕೇಳಿಯೇ ಹೊರಗೆ ಬಂದರು. ಮರಳುವಾಗ ಎರಡು ಚಿಪ್ಪು ಕೆಂಪು ಬಾಳೆ ಕೊಂಡು ಸೀದಾ ಗ್ಯಾರೇಜಿಗೆ ಹೋದೆ. ಅದೇ ಹುಡುಗರ ಎದುರಿಗೆ, “ಉಸ್ತಾದ್, ಅವತ್ತು ನಾ ಅಂದದ್ದು ತಪ್ಪಾತು, ಮನಸ್ಸಿಗೆ ಹಚ್ಕೋಬ್ಯಾಡ್ರಿ” ಎಂದೆ.

ಅವರು ಹಣ್ಣು ಹುಡುಗರಿಗೆ ಹಂಚುತ್ತ ಹೇಳಿದರು: “ನಾನೂ ಮೊದಲೇ ಮುಚ್ಚಳ ಬಿಚ್ಚಿ ನೋಡಬೇಕಿತ್ತು ಟೀಚರ್. ಎಂಜಿನ್ ಹೊಸಾದು ಅಂತ ಬರೀ ಎಂಜಿನ್ ಕಡೀನೇ ನೋಡಿದೆ.”

ಉಬ್ಬಿದ ಆ ರಬ್ಬರಿನ ತುಂಡು ಈಗ ನನ್ನ ಮೇಜಿನ ಸೆಳೆಖಾನೆಯಲ್ಲಿದೆ, ಕೆಂಪು ಶಾಯಿಯ ಪೆನ್ನಿನ ಪಕ್ಕದಲ್ಲಿ.